ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದವಳು

ನಮ್ಮ ಬೀಗತಿಯ ತಲೆ ಎಲ್ಲಿಗೂ ಹೋಗಿರಲಿಲ್ಲ. ಮೊದಲು ಕಿವಿ ಹೋಯಿತು, ಬಹಳ ವರ್ಷಗಳ ಮೇಲೆ ಕಣ್ಣು ಮಬ್ಬಾಯಿತು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಜನ ಕಟ್ಟಿದ್ದು. ಅರಳುಮರಳು ಅಂದರು, ತವರಿನ ಗುಂಗು ಹಿಡಿದಿದೆ ಅಂದರು, ಕನಸಿನಲ್ಲೇ ಇರುತ್ತಾಳೆ ಅಂದರು. ಕನಸಿನಲ್ಲಿ ಇರುವಷ್ಟು ಪುರುಸೊತ್ತು ಆ ಹೆಂಗಸಿಗೆ ಯಾವತ್ತೂ ಇರಲಿಲ್ಲ.

ಬೀಗತಿ ಅಂದರೆ ನನ್ನ ಮಗಳ ಅತ್ತೆ. ವಿಜಯಪುರದ ಜೋರಾಪುರ ಪೇಟೆಯ ಮನೆ. ಆಕೆಯನ್ನು ನೆನೆದರೆ ನನಗೆ ಮುಖ ಆಮೇಲೆ ಬರುತ್ತದೆ, ಮೊದಲು ಬರುವುದು ಬೆರಳು. ಯಾರು ಎದುರು ಕುಳಿತು ಮಾತಿಗೆ ಬಾಯಿ ತೆರೆದರೂ ಆಕೆಯ ಎರಡು ಬೆರಳು ಅವರ ಗದ್ದದ ಕೆಳಗೆ ಬರುತ್ತಿದ್ದವು. ಹೂವಿನ ಕುಂಡವನ್ನು ಬಿಸಿಲಿಗೆ ತಿರುಗಿಸಿದ ಹಾಗೆ ಮೆಲ್ಲಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದವು. ಬೆರಳಿಗೆ ಬೆಳ್ಳುಳ್ಳಿಯ ವಾಸನೆ, ಅರಿಷಿಣದ ವಾಸನೆ. ಮಕ್ಕಳಿಗೆ ಅದು ಇಷ್ಟ. ಓಣಿಯ ಹೆಂಗಸರು, "ಎಂಥಾ ಅಂತಃಕರಣ ನೋಡ್ರಿ, ಗದ್ದ ಹಿಡದ ಮಾತಾಡಸ್ತಾಳ" ಅನ್ನುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಸಂತೆಯಲ್ಲಿ ಎಮ್ಮೆಯ ಬಾಯಿ ನೋಡುವವರೂ ಹೀಗೇ ಹಿಡಿಯುತ್ತಾರೆ.

ಮೊದಲ ಸಲ ಆಕೆಯನ್ನು ನೋಡಿದ್ದು ನಮ್ಮ ಸಾರವಾಡದ ಮನೆಯಲ್ಲಿ, ಮಗಳ ನಿಶ್ಚಯದ ದಿನ. ಗಂಡಸರು ಹೊರಗೆ ಪಡಸಾಲೆಯಲ್ಲಿ, ನಾವು ಒಳಗೆ. ಆಕೆ ಗೋಡೆಗೆ ಆತು ಎದುರಿಗೆ ಕುಳಿತವಳು ನನ್ನ ಬಾಯಿ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಹೊಸ ಬೀಗತಿಯ ಸೀರೆ ನೋಡುತ್ತಾರೆ, ಕೈಯ ಬಳೆ ನೋಡುತ್ತಾರೆ, ಈಕೆ ಬಾಯಿ ನೋಡುತ್ತಾಳೆ. ನಾನು ತಂಗಿಯ ಕಿವಿಗೆ ಬಾಗಿ ಪಿಸುಗುಟ್ಟಿದೆ: "ಈಕಿ ನನ್ನ ಬಾಯಾಗಿನ ಹಲ್ಲ ಎಣಸಾಕತ್ತಾಳ ನೋಡಬೇ. ಹೆಣ್ಣ ಕೇಳಾಕ ಬಂದಾಳೋ, ಎಮ್ಮಿ ಖರೀದಿಗೆ ಬಂದಾಳೋ?" ತಂಗಿ ಸೆರಗು ಬಾಯಿಗೆ ತುರುಕಿಕೊಂಡಳು. ಆ ಕಡೆ ಗೋಡೆಯ ಹತ್ತಿರ ಬೀಗತಿಯೂ ತುಟಿಯಂಚಿನಲ್ಲಿ ನಕ್ಕಳು. ನಾವು ನಕ್ಕದ್ದಕ್ಕೆ ತಾನೂ ನಕ್ಕಳು ಅಂದುಕೊಂಡೆ.

ಆ ಮನೆಗೆ ಒಂದು ರೂಢಿ ಇತ್ತು. ಯಾರೂ ಯಾರ ಬೆನ್ನಿಗೂ ಮಾತಾಡಬಾರದು. ಮಾತಾಡುವುದಿದ್ದರೆ ಎದುರು ಬಂದು ನಿಂತು ಮಾತಾಡಬೇಕು, ಮುಸ್ಸಂಜೆಯಾದರೆ ದೀಪ ಹಚ್ಚಿ ಮಾತಾಡಬೇಕು. ಮದುವೆಯಾದ ಹೊಸದರಲ್ಲಿ ಮಗಳು ತವರಿಗೆ ಬಂದು ಅತ್ತಳು.

"ಅತ್ತಿ ಭಾಳ ಸೊಕ್ಕಿನಾಕಿ ಬೇ. ಹಿಂದ ನಿಂತ ಎಷ್ಟ ಕರದ್ರೂ ತಿರಗಿ ನೋಡೂದಿಲ್ಲ."

"ಮುಂದ ಹೋಗಿ ನಿಂದರು. ನಿನ್ನ ಕಾಲಿಗೆ ಏನ ಆಗೇತಿ?" ಅಂದೆ.

ಮುಂದೆ ಹೋಗಿ ನಿಲ್ಲತೊಡಗಿದಳು, ಅಳು ನಿಂತಿತು. ಆ ರೂಢಿ ಹಿರಿಯರ ಕಾಲದ್ದು, ದೊಡ್ಡ ಮನೆತನದ ರೀತಿ ಎಂದು ಅಳಿಯ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಹಿರಿಯರ ಕಾಲದ್ದೂ ಅಲ್ಲ, ದೊಡ್ಡ ಮನೆತನದ್ದೂ ಅಲ್ಲ. ಅದನ್ನು ಮಾಡಿದವಳು ಅವನ ತಾಯಿ. ಯಾಕೆ ಮಾಡಿದಳು ಎಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಕರೆಂಟು ಹೋದರೆ ಆಕೆಯ ಮಾತೂ ಹೋಗುತ್ತಿತ್ತು. ಅರ್ಧ ಮಾತಿಗೆ ನಿಲ್ಲಿಸಿ ಕತ್ತಲಲ್ಲಿ ಸುಮ್ಮನೆ ಕುಳಿತಿರುತ್ತಿದ್ದಳು, ಕರೆಂಟು ಬಂದ ಕೂಡಲೇ ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು.

ಆಕೆಯ ತವರು ಟಿಕೋಟಾ. ಅಣ್ಣನಿಗೆ ದ್ರಾಕ್ಷಿ ತೋಟ, ಹಣ್ಣು ಒಣಗಿಸಿ ಮಣೂಕ ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡು. ಬೇಸಿಗೆ ಬಂತೆಂದರೆ ಆಕೆ ಮಣೂಕ ಆರಿಸಲು ಅಲ್ಲಿಗೆ ಹೋಗುತ್ತಿದ್ದಳು. ಒಂದು ವರ್ಷ ನನ್ನನ್ನೂ ಎಳೆದುಕೊಂಡು ಹೋದಳು. ಆ ದಿನ ಮಾತ್ರ ನನಗೂ ಕನಸಿನ ಹಾಗೆ ನೆನಪಿದೆ, ಇಲ್ಲ ಅನ್ನುವುದಿಲ್ಲ. ಶೆಡ್ಡಿನೊಳಗೆ ಒಂದರ ಮೇಲೊಂದು ಬಲೆ ಬಿಗಿದು ಅದರ ಮೇಲೆಲ್ಲ ದ್ರಾಕ್ಷಿ ಹರಡಿದ್ದರು. ಕೆಲವು ಇನ್ನೂ ಹಸಿರು, ಕೆಲವು ಅರ್ಧ ಹಳದಿ, ಕೆಲವು ಬಂಗಾರ. ಬಲೆಗಳ ಮೂಲಕ ಇಳಿದ ಬಿಸಿಲಿಗೆ ಒಳಗಿನ ಗಾಳಿಗೇ ಬಣ್ಣ ಬಂದಂತಿತ್ತು. ಆ ಬಣ್ಣದೊಳಗೆ ಹೆಂಗಸರು ನೀರಿನ ತಳದಲ್ಲಿ ಓಡಾಡುವವರ ಹಾಗೆ ಓಡಾಡುತ್ತಿದ್ದರು. ಪಕ್ಕದಲ್ಲಿ ಒಣಗಿದ ಹಣ್ಣಿನ ಕಡ್ಡಿ ಬಿಡಿಸುವ ಮಷಿನ್ನು. ಅದರ ಸದ್ದಿಗೆ ಯಾರಿಗೂ ಯಾರ ಮಾತೂ ಕೇಳುವಂತಿರಲಿಲ್ಲ. ಆದರೂ ಎಲ್ಲರೂ ಮಾತಾಡುತ್ತಿದ್ದರು! ಬರೀ ತುಟಿಯಲ್ಲಿ. ಈ ತುದಿಯವಳು ತುಟಿ ಆಡಿಸಿದರೆ ಆ ತುದಿಯವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಮ್ಮ ಬೀಗತಿ. ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದುದೂ ಆಕೆಗೇ. ನಾನೊಬ್ಬಳು ಪೆದ್ದಿಯ ಹಾಗೆ ಅವರ ಮುಖ ಇವರ ಮುಖ ನೋಡುತ್ತ ಕುಳಿತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗದ್ದ ಹಿಡಿದು ಹೇಳಿದಳು: "ಅಲ್ಲೆ ಯಾರೂ ಯಾರನ್ನೂ ಹಿಂದಿಂದ ಕರಿಯೂದಿಲ್ಲ ನೋಡ್ರಿ. ಅದಕ್ಕ ನನಗ ಆ ಜಾಗಾ ಅಂದ್ರ ಭಾಳ ಪ್ರೀತಿ."

ಎಂಥ ಮಾತೋ ಅನ್ನಿಸಿತು. ಬಸ್ಸಿನಲ್ಲಿ ನನಗೆ ನಿದ್ದೆ ಬರುತ್ತಿತ್ತು. ಹೂಂ ಅಂದು ಮಲಗಿದೆ.

ಆಮೇಲೆ ಮೊಮ್ಮಗಳು ಹುಟ್ಟಿ, ಸಾಲಿ ಕಲಿತು, ಕಾಲೇಜು ಮುಗಿಸಿ ಮದುವೆಗೆ ಬಂದಳು. ಆ ಹೊತ್ತಿಗೆ ಬೀಗತಿಯ ಉತ್ತರಗಳು ದಾರಿ ತಪ್ಪತೊಡಗಿದ್ದವು. "ಊಟ ಆತೇನ್ರಿ?" ಅಂದರೆ, "ಈ ಸಲ ಗಾಳಿ ಛಲೋ ಐತಿ, ಮಣೂಕ ಬಂಗಾರ ಆಗತಾವ" ಅನ್ನುತ್ತಿದ್ದಳು. "ಚಾ ಕೊಡ್ಲೇನ್ರಿ?" ಅಂದರೆ ಅಣ್ಣನ ತೋಟದ ಬಾವಿಯ ಮಾತು. ಒಳಕೋಣೆಯ ಕಿಟಕಿಯ ಹತ್ತಿರ ಕಾಟಿನ ಮೇಲೆ ಕುಳಿತು ಮಧ್ಯಾಹ್ನವೆಲ್ಲ ನಗುತ್ತಿರುತ್ತಿದ್ದಳು. ಹೊರಗೆ ಗೋಡೆಯ ಮೇಲೆ ಪಾರಿವಾಳ ಗುಟುಗುಟು ಅನ್ನುತ್ತಿದ್ದವು, ದೂರದಲ್ಲಿ ಗಾಡಿಯ ಹಾರ್ನು, ಯಾರದೋ ಮನೆಯ ಕುಕ್ಕರ್ ಸೀಟಿ. ಯಾವುದೂ ಆಕೆಯ ಮುಖದ ಮೇಲೆ ಒಂದು ಗೆರೆ ಎಳೆಯುತ್ತಿರಲಿಲ್ಲ. ನೋಡಿದವರು, "ಪುಣ್ಯವಂತಿ, ಕನಸಿನಾಗ ಅದಾಳ" ಅನ್ನುತ್ತಿದ್ದರು.

ಒಂದು ದಿನ ಒಳಗಿನಿಂದ ಅಗಳಿ ಹಾಕಿಕೊಂಡು ಕುಳಿತುಬಿಟ್ಟಳು. ಮಗ ಸೊಸೆ ಹೊರಗೆ. ಬಾಗಿಲು ಬಡಿದರು, ಕೂಗಿದರು, ಫೋನು ಮಾಡಿದರು. ಓಣಿಯೆಲ್ಲ ನೆರೆಯಿತು. ಸತ್ತೇ ಹೋದಳು ಎಂದು ನನ್ನ ಮಗಳು ಬೀದಿಯಲ್ಲೇ ಅಳತೊಡಗಿದಳಂತೆ. ಕೊನೆಗೆ ಬಾಗಿಲು ಮುರಿದು ನೋಡಿದರೆ ಕಾಟಿನ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದಾಳೆ. "ಯಾವಾಗ ಬಂದ್ರಿ?" ಅಂದಳಂತೆ. ಅಳಿಯ ಬ್ಯಾಂಕಿನಲ್ಲಿ ನೌಕರಿ ಮಾಡುವವನು, ಸಣ್ಣ ಮನುಷ್ಯನಲ್ಲ, ತಾಯಿ ಅಂದರೆ ಜೀವ ಬಿಡುವವನು. ಆ ದಿನದಿಂದ ಅವನದು ಒಂದೇ ಮಾತು. ನಾಳೆ ಒಳಗೆ ಬೆಂಕಿ ಹತ್ತಿದರೆ ಏನು ಗತಿ?

ಮಗಳು ನನಗೆ ಫೋನು ಮಾಡಿದಳು. ತೊರವಿಯಾಚೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಜಾಗವಿದೆ, ತಲೆ ಸರಿ ಇಲ್ಲದವರನ್ನೂ ಇಟ್ಟುಕೊಳ್ಳುತ್ತಾರೆ, ಎಲ್ಲ ಗೊತ್ತು ಮಾಡಿ ಬಂದಿದ್ದಾರೆ ಅಂದಳು. ಮೊಮ್ಮಗಳನ್ನು ನೋಡಲು ಬಬಲೇಶ್ವರದ ಕಡೆಯವರು ಬರುವವರಿದ್ದರು. ಅವರ ಎದುರು ಅಜ್ಜಿ ಏನಾದರೂ ಒದರಿದರೆ ಕೂಡುವ ಸಂಬಂಧ ಮುರಿಯುತ್ತದೆ. ಅವರು ಬರುವ ಮೊದಲು ಕಳಿಸಬೇಕು.

"ನೀ ಬಾ ಬೇ. ನಿನ್ನ ಜೋಡಿ ಅಂದ್ರ ಬರತಾಳ. ಟಿಕೋಟಾಕ್ಕ ಹೋಗೂಣು ಅನ್ನು, ಎದ್ದ ನಿಂದರತಾಳ."

ನಾನು ಹೋದೆ. ಅಳಲಿಲ್ಲ, ಬೇಡ ಅನ್ನಲಿಲ್ಲ. ಅವರ ಮನೆಯ ತಾಪತ್ರಯ ಅವರಿಗೆ ಗೊತ್ತು. ಮಾರನೆಯ ದಿನ ಬೆಳಿಗ್ಗೆ ಆಟೊ ಬರುವುದೆಂದು ಮಾತಾಗಿತ್ತು. ನಾನು ಮುಟ್ಟಿದ ದಿನವೇ ಮಧ್ಯಾಹ್ನ, ಮನೆಮನೆಯ ಲೆಕ್ಕ ಬರೆದುಕೊಳ್ಳಲು ಸರ್ಕಾರದವರು ಕಳಿಸಿದ ಸರ್ವೇದವಳು ಬಂದಳು.

ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಚಳಿಗೆ ಒಡೆದ ತುಟಿ. ಅಳಿಯ ರಜೆ ಹಾಕಿ ಮನೆಯಲ್ಲೇ ಇದ್ದ. ಬಾಗಿಲಲ್ಲೇ ನಿಂತು ಹೆಸರು, ವಯಸ್ಸು, ಕೆಲಸ ಎಲ್ಲ ಹೇಳಿದ. ಕೇಳುವ ಮೊದಲೇ ಇನ್ನೊಂದನ್ನೂ ಹೇಳಿದ.

"ಅಂಗವಿಕಲರು ನಮ್ಮ ಮನ್ಯಾಗ ಯಾರೂ ಇಲ್ರಿ. ಹಂಗ ಬರಕೊಳ್ರಿ."

"ಹಂಗ ನಾ ಕೇಳೂದೇ ಇಲ್ರಿ ಸರ್," ಅಂದಳು ಆಕೆ. "ಆ ಶಬ್ದ ಬಾಯಾಗ ತರಬ್ಯಾಡ್ರಿ ಅಂತ ಟ್ರೇನಿಂಗಿನ್ಯಾಗ ಹೇಳ್ಯಾರ. ಆ ಶಬ್ದ ಅಂದ್ರ ಊರಾಗ ಎಲ್ಲಾರೂ ಇಲ್ಲ ಅಂತಾರ. ನಡ್ಯಾಕ ತ್ರಾಸ ಆಕ್ಕೇತೇನು ಅಂತ ಕೇಳಿದ್ರ ಮೊಣಕಾಲ ತೋರಸ್ತಾರ."

ನನಗೆ ನಗು ಬಂತು. ನನ್ನ ಕೈ ಆಗ ನನ್ನ ಮೊಣಕಾಲ ಮೇಲೇ ಇತ್ತು.

ಪ್ರಶ್ನೆ ಸಣ್ಣವು. ನೋಡಲು ತ್ರಾಸೇ, ಕೇಳಲು ತ್ರಾಸೇ, ನಡೆಯಲು, ನೆನಪಿಡಲು, ಮೈ ತೊಳೆದುಕೊಳ್ಳಲು, ಮಾತಾಡಲು ತ್ರಾಸೇ. ಉತ್ತರ ಹೌದು ಅಲ್ಲ ಎಂದಲ್ಲ. ತ್ರಾಸಿಲ್ಲ, ಸ್ವಲ್ಪ ತ್ರಾಸು, ಭಾಳ ತ್ರಾಸು, ಆಗುವುದೇ ಇಲ್ಲ. ಇದರಲ್ಲಿ ಯಾವುದೆಂದು ಹೇಳಬೇಕು. ಅಳಿಯ ತನ್ನದು ಹೇಳಿದ, ಮಗಳು ತನ್ನದು ಹೇಳಿದಳು. ತಾಯಿಯ ಸರದಿ ಬಂತು.

"ಅವ್ವಂದು ನಾನೇ ಹೇಳತೇನ್ರಿ. ಕಣ್ಣಿಗೆ ಚಾಳೀಸ ಐತಿ, ಕಾಣತೈತಿ. ಕಿವಿಗೆ ಏನೂ ಆಗಿಲ್ಲ. ನೆನಪು ಪೂರಾ ಹೋಗೇತಿ. ಆಕೀನ್ನ ಕೇಳಿ ಉಪಯೋಗ ಇಲ್ಲ."

"ಮನಿಯಾಗ ಇದ್ದಾರಲ್ರಿ? ಒಂದ ಸಲ ಅವರನ್ನ ಕೇಳಿ ನೋಡತೇನ್ರಿ. ಆಗಲಿಲ್ಲ ಅಂದ್ರ ನಿಮ್ಮದ ತಗೋತೇನಿ."

ನಾವೆಲ್ಲ ಒಳಕೋಣೆಗೆ ಹೋದೆವು. ಬೀಗತಿ ಕಾಟಿನ ಮೇಲೆ ಕುಳಿತಿದ್ದಳು, ಹಿಂದೆ ಕಿಟಕಿ. ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಸರ್ವೇದವಳು ಬಾಗಿಲಲ್ಲೇ ನಿಂತು ದೊಡ್ಡ ದನಿ ತೆಗೆದಳು: "ಅಜ್ಜೀ, ನೋಡಾಕ ಏನರೆ ತ್ರಾಸ ಆಕ್ಕೇತೇನ್ರಿ?"

ಬೀಗತಿ ನಕ್ಕು, "ಕಡ್ಡಿ ಬಿಡಿಸೂ ಮಷಿನ್ನ ಬಂದ ಮ್ಯಾಲ ಕೆಲಸ ಭಾಳ ಸಲೀಸ ಆಗೇತಿ ನೋಡವಾ" ಅಂದಳು.

"ನೋಡಿದ್ರಿಲ್ಲ?" ಅಂದ ಅಳಿಯ. ದನಿ ಬಿದ್ದು ಹೋಗಿತ್ತು ಪಾಪ.

ಸರ್ವೇದವಳ ಬೆರಳು ಟ್ಯಾಬಿನ ಕಡೆ ಹೋಯಿತು. ಏನೋ ಒತ್ತುವವಳಿದ್ದಳು. ಒತ್ತಲಿಕ್ಕೆ ಕೂಡಲು ಜಾಗ ಹುಡುಕಿ ಕಾಟಿನ ಮೇಲೇ ಬೀಗತಿಯ ಪಕ್ಕ ಕುಳಿತಳು. ಕೂತದ್ದೇ ತಡ, ಆ ಎರಡು ಬೆರಳು ಆಕೆಯ ಗದ್ದದ ಕೆಳಗೆ ಬಂದವು. ಮುಖ ಕಿಟಕಿಗೆ ತಿರುಗಿತು. ಬೀಗತಿ ಬಾಗಿದಳು, ಇನ್ನೂ ಬಾಗಿದಳು, ಮೂಗಿಗೆ ಮೂಗು ತಾಗುವಷ್ಟು. ಸರ್ವೇದವಳು ಗಾಬರಿಯಾದಳು, ಕೊಸರಿಕೊಳ್ಳಲಿಲ್ಲ. ಗದ್ದ ಹಿಡಿಸಿಕೊಂಡೇ ಮತ್ತೆ ಕೇಳಿದಳು. ಈ ಸಲ ಸಣ್ಣ ದನಿಯಲ್ಲಿ.

"ಚಾಳೀಸ ಹಾಕ್ಕೊಂಡ್ರೂ ನೋಡಾಕ ತ್ರಾಸ ಆಕ್ಕೇತೇನ್ರಿ ಅಜ್ಜಿ? ಸ್ವಲ್ಪೋ, ಭಾಳೋ?"

"ಭಾಳ ತ್ರಾಸವಾ," ಅಂದಳು ಬೀಗತಿ. "ಎಲ್ಲಾರೂ ಹೊಗಿಯಾಗ ನಿಂತಂಗ ಕಾಣತಾರ. ಇಷ್ಟ ಸಮೀಪ ಬಂದ್ರ ಬಾಯಿ ಕಾಣತೈತಿ."

"ಕೇಳಾಕ?"

"ಅದು ಆಗೂದೇ ಇಲ್ಲ. ಸಣ್ಣಾಕಿ ಹುಟ್ಟಿದಾಗ ಬಾಣಂತನದಾಗ ಜ್ವರ ಬಂದಿತ್ತು. ಅವತ್ತಿಂದ ಇಲ್ಲ."

ಅಳಿಯ ಬಾಗಿಲ ಚೌಕಟ್ಟು ಹಿಡಿದುಕೊಂಡ. ಸಣ್ಣಾಕಿ ಅಂದರೆ ಅವನ ತಂಗಿ. ಅವಳ ಮಕ್ಕಳೇ ಆಗ ಕಾಲೇಜಿಗೆ ಹೋಗುತ್ತಿದ್ದರು. ಇಡೀ ಬದುಕು ಈ ಹೆಂಗಸು ನಮ್ಮ ಬಾಯಿ ನೋಡಿಕೊಂಡು ಕಳೆದಿದ್ದಳು.

ಸರ್ವೇದವಳಿಗೆ ಇದೇನೂ ಗೊತ್ತಿಲ್ಲ, ಆಕೆ ತನ್ನ ಮುಂದಿನ ಪ್ರಶ್ನೆಗೆ ಹೋದಳು.

"ನೆನಪಿಡಾಕ, ಲಕ್ಷ್ಯ ಕೊಡಾಕ ತ್ರಾಸ ಐತೇನ್ರಿ?"

ಬೀಗತಿಗೆ ನಗು ಬಂತು. ಗದ್ದ ಬಿಡದೆ ಇನ್ನೊಂದು ಕೈಯಿಂದ ನಾನು ನಿಂತಿದ್ದ ಕಡೆ, ಸ್ವಲ್ಪ ತಪ್ಪಿ, ಬೆರಳು ತೋರಿಸಿದಳು.

"ಅಲ್ಲೆ ನಿಂತಾಳಲ್ಲ ದಪ್ಪಂದು ನೆರಳು, ಅದು ನಮ್ಮ ಬೀಗತಿ ಹೌದಲ್ಲೋ? ಮಗಳ ನಿಶ್ಚಯದಾಗ ಹಸರ ಇಳಕಲ್ ಸೀರಿ ಉಟ್ಟಿದ್ಲು. ತಂಗಿ ಕಿವ್ಯಾಗ ಏನಂದ್ಲು ಹೇಳಲೇನು? ಈಕಿ ನನ್ನ ಬಾಯಾಗಿನ ಹಲ್ಲ ಎಣಸಾಕತ್ತಾಳ ನೋಡಬೇ, ಹೆಣ್ಣ ಕೇಳಾಕ ಬಂದಾಳೋ, ಎಮ್ಮಿ ಖರೀದಿಗೆ ಬಂದಾಳೋ ಅಂದ್ಲು. ನಾ ಎಣಿಸಿರಲಿಲ್ಲವಾ. ಆದ್ರ ಒಂದ ದವಡಿ ಹಲ್ಲ ಇರಲಿಲ್ಲ, ಅದ ಖರೆ."

ಸರ್ವೇದವಳು ಮುಖ ಹಿಡಿಸಿಕೊಂಡೇ ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದಳು. "ಹೌದೇನ್ರಿ?"

"ಒಂದ ಅಕ್ಷರ ತಪ್ಪಿಲ್ಲ," ಅಂದೆ. "ಹಲ್ಲಿಂದೂ ಖರೆ."

"ಹಂಗಾರ ನೆನಪಿಗೆ ತ್ರಾಸಿಲ್ಲ," ಅಂದು ಒತ್ತಿದಳು.

ಉಳಿದದ್ದನ್ನು ಕೇಳಿ ಎದ್ದಳು. ಒಂದು ತಂಬಿಗೆ ನೀರು ಪೂರ್ತಿ ಕುಡಿದಳು. ಈಗ ಏನು ಮಾಡಬೇಕೆಂದು ಮಗಳು ಕೇಳಿದಾಗ, "ನಾ ಡಾಕ್ಟರ್ ಅಲ್ರಿ ಅಕ್ಕಾ, ಕೇಳೂದಷ್ಟ ನಂದು. ಓಣಿ ಇನ್ನೂ ಅರ್ಧ ಉಳದೇತಿ," ಅಂದು ಚಪ್ಪಲಿ ಮೆಟ್ಟಿ ನಡೆದಳು. ಮತ್ತೆ ಅವಳನ್ನು ನಾವು ಯಾರೂ ನೋಡಿಲ್ಲ.

ನಾನು ಬೀಗತಿಯ ಹತ್ತಿರ ಕುಳಿತು, ನನ್ನ ಗದ್ದ ನಾನೇ ಕೊಟ್ಟು ಕೇಳಿದೆ: "ಮಣೂಕ ಮಣೂಕ ಅಂತೀರಲ್ರಿ, ಏನ ಅದು?"

"ಯಾರೋ ಮುಂದ ಬಂದ ನಿಂದರತಾರ, ಏನೋ ಕೇಳತಾರ, ಬಾಯಿ ಕಾಣಂಗಿಲ್ಲ," ಅಂದಳು. "ಏನರೆ ಅಂದ್ರ ಸುಮ್ಮ ಹೋಗತಾರ. ನನಗ ಹೇಳಾಕ ಛಲೋ ಅನಸೂದು ಅದೊಂದ ಮಾತು."

"ಕಿವಿ ಕೇಳೂದಿಲ್ಲ ಅಂತ ಒಂದ ದಿನರೆ ಹೇಳಬಾರದೇನ್ರಿ?"

"ಕಿವುಡಿ ಮಗಳ ಅಂತ ಸಣ್ಣಾಕಿಗೆ ವರ ಸಿಗತಿರಲಿಲ್ಲ. ಆಮ್ಯಾಲ ಯಾರೂ ಕೇಳಲಿಲ್ಲ."

ಸಂಜೆ ಅಳಿಯ ಪಡಸಾಲೆಯಲ್ಲಿ ತಲೆಗೆ ಕೈ ಹಚ್ಚಿ ಕುಳಿತಿದ್ದ. ಅವನ ಮಾತು ಬದಲಾಗಿರಲಿಲ್ಲ, ಇನ್ನೂ ಗಟ್ಟಿಯಾಗಿತ್ತು.

"ಕಣ್ಣೂ ಇಲ್ಲ, ಕಿವೀನೂ ಇಲ್ಲ ಅಂದ ಮ್ಯಾಲ ಮನ್ಯಾಗ ಒಬ್ಬಾಕಿನ್ನ ಹೆಂಗ ಬಿಡೂದ್ರಿ ಅತ್ತಿ? ಬಬಲೇಶ್ವರದಾವ್ರ ಕಿವಿಗೆ ಬಿದ್ರ, ಇವರ ರಕ್ತದಾಗ ಕಿವುಡು ಐತಿ ಅಂತಾರ. ಅಲ್ಲೆ ಛಲೋ ನೋಡಕೋತಾರ. ನಾಳಿ ಮುಂಜಾನಿ ಕರಕೊಂಡ ಹೋಗ್ರಿ."

ಮಗಳು ನನ್ನ ಮುಖ ನೋಡಿದಳು. ಅಲ್ಲಿ ವಾದ ಮಾಡಿದ್ದರೆ ಮೂರು ದಿನ ವಾದವೇ ಆಗುತ್ತಿತ್ತು. ನಾನು, "ಆತು, ಆಟೊ ಹೇಳು" ಅಂದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಆಕೆಯ ಕಣ್ಣಲ್ಲಿ ಮೋತಿಬಿಂದುವಿನ ಪೊರೆ ಕಾಯಿಯಾಗಿ ಕುಳಿತಿತ್ತು, ತೆಗೆದರು. ಪಟ್ಟಿ ಬಿಚ್ಚಿದ ದಿನ ಮಗನ ಮುಖ ನೋಡಿ, "ಎಷ್ಟ ಸೊರಗೀಯಲೇ" ಅಂದಳು, ಅವನು ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತ. ಕಿವಿಗೂ ಮಷಿನ್ನು ತಂದುಕೊಟ್ಟ. ಪಾತ್ರೆ ಬಿದ್ದ ಸದ್ದು ತಲೆಯೊಳಗೇ ಬೀಳುತ್ತದೆ ಎಂದು ಎರಡೇ ದಿನಕ್ಕೆ ಡಬ್ಬಿಗೆ ಹಾಕಿದಳು. ತೊರವಿಯ ಮಾತು ಮತ್ತೆ ಎದ್ದಿಲ್ಲ. ಬಬಲೇಶ್ವರದವರು ಬಂದಾಗ ಹುಡುಗನ ತಾಯಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದವಳು ಆಕೆಯೇ, "ನನಗ ಕಿವಿ ಕೇಳೂದಿಲ್ಲ, ಮುಂದ ಕುಂತ ಮಾತಾಡ್ರಿ" ಅಂದವಳೂ ಆಕೆಯೇ. ಅವರು ಮುಂದೆ ಕುಳಿತು ಮಾತಾಡಿದರು. ಮದುವೆ ಆಯಿತು. ಆಕೆ ಹೊರಕೋಣೆಯ ಬೆಳಕಿನಲ್ಲಿ ಇನ್ನೂ ಕೆಲವು ವರ್ಷ ಕುಳಿತಿದ್ದು, ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡಳು. ಬಂದ ಹೆಂಗಸರು ತಲೆಯ ಹಿಂದೆ ಕುಳಿತು ಅಳುತ್ತಿದ್ದರು. ನಾನು ಎದುರು ಹೋಗಿ ಕುಳಿತು, ಹೇಳಬೇಕಾದ್ದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿ ಎದ್ದು ಬಂದೆ.

ಈಗ ನನ್ನ ಎಡಗಿವಿ ಮಂದ. ಮೊನ್ನೆ ಸಾರವಾಡಕ್ಕೂ ಸರ್ವೇದ ಪ್ರಶ್ನೆ ಕೇಳುವವರು ಬಂದಿದ್ದರು. ನನ್ನ ಮಗ ಕಟ್ಟೆಯ ಮೇಲೆ ಕುಳಿತು, "ನಮ್ಮವ್ವ ಗಟ್ಟಿ ಅದಾಳ್ರಿ, ಏನೂ ಇಲ್ಲ" ಅನ್ನುತ್ತಿದ್ದ. ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಹೋದೆ. "ನನ್ನ ಕೇಳು. ಕೇಳಾಕ ಸ್ವಲ್ಪ ತ್ರಾಸ, ಮೆಟ್ಟಲ ಹತ್ತಾಕ ಭಾಳ ತ್ರಾಸ. ಇವ ಏನ ಹೇಳತಾನ, ಮೊಣಕಾಲ ಇವಂದೇನು?" ಅಂದೆ. ಈ ಬುದ್ಧಿ ನನ್ನದಲ್ಲ, ಆ ಹೆಂಗಸಿನದು.

ಇನ್ನು ಅಳಿಯನಿಗೆ ಆಟೊ ಹೇಳು ಅಂದ ಆ ಸಂಜೆಯ ಮರುದಿನದ ಮಾತು. ಚಳಿಯ ಬೆಳಗು, ಓಣಿಯ ತುಂಬ ಮಂಜು, ಗೋಡೆ ಯಾವುದು ಗಾಳಿ ಯಾವುದು ತಿಳಿಯುತ್ತಿರಲಿಲ್ಲ. ಬೀಗತಿ ತವರಿಗೆ ಹೋಗುವವಳ ಹಾಗೆ ಇಳಕಲ್ ಸೀರೆ ಉಟ್ಟು ಮೊದಲೇ ಕುಳಿತಿದ್ದಳು. ಟಿಕೋಟಾ ಅಂತ ಮಗಳು ಹೇಳಿದ್ದಳು. ಆಟೊ ಬಂತು. ಅಳಿಯ ತಾಯಿಯ ಕಾಲು ಮುಟ್ಟಿ ಒಳಗೆ ಹೋದವನು ಹೊರಗೆ ಬರಲಿಲ್ಲ. ಪೇಟೆ ದಾಟಿ ತೊರವಿಯ ದಾರಿ ಒಡೆಯುವಲ್ಲಿ ನಾನು ಆಟೊದವನ ಬೆನ್ನು ತಟ್ಟಿದೆ.

"ತಮ್ಮಾ, ತೊರವಿಗೆ ಬ್ಯಾಡ. ಕಣ್ಣಿನ ದವಾಖಾನಿಗೆ ಹೊಡಿ."

"ಸಾಹೇಬ್ರು ತೊರವಿ ಅಂದಾರಲ್ರಿ ಆಯಿ?"

"ಸಾಹೇಬ್ರು ಮನ್ಯಾಗ ಅದಾರ. ಗಾಡ್ಯಾಗ ನಾ ಅದೇನಿ."

ಆಟೊ ತಿರುಗಿತು. ತಿರುಗಿದ್ದು ಬೀಗತಿಯ ಮೈಗೆ ತಿಳಿಯಿತು. ನನ್ನ ಕಡೆ ಹೊರಳಿ, "ಇದು ಟಿಕೋಟಾದ ದಾರಿ ಅಲ್ಲಲ್ರಿ?" ಅಂದಳು. ದವಾಖಾನೆಯ ಕಡೆ ಸೂರ್ಯ ಆಗಷ್ಟೇ ಮಂಜಿನೊಳಗಿಂದ ಹಳದಿಯಾಗಿ ಏಳುತ್ತಿದ್ದ. ಆಕೆಯ ಕೈ ತೆಗೆದು ನನ್ನ ಗದ್ದದ ಕೆಳಗೆ ನಾನೇ ಇಟ್ಟುಕೊಂಡೆ, ಮುಖವನ್ನು ಆ ಬೆಳಕಿಗೆ ತಿರುಗಿಸಿದೆ, ಮೂಗಿಗೆ ಮೂಗು ಹಚ್ಚಿ ಎಲ್ಲಿಗೆ ಹೊರಟಿದ್ದೇವೆಂದು ತುಟಿಯಲ್ಲೇ ಹೇಳಿದೆ.